ಅರ್ಧ ತಾಸಿನಷ್ಟು ದೂರದ ಪರದೇಶ

ರೋಣ

ಸಮರಕಂದಕ್ಕೆ ಹೊರಡುವ ಹಿಂದಿನ ದಿನ ನಾನು ಮಾಡಿದ ಅತಿ ಮುಖ್ಯವಾದ ಕೆಲಸವೆಂದರೆ ನನ್ನ ಟಾವೆಲ್ಲನ್ನು ಮಲ್ಲಪ್ಪನ ಕೈಗೆ ಒಪ್ಪಿಸಿದ್ದು. ಪಾಸ್‌ಪೋರ್ಟು, ಟಿಕೆಟ್ಟು, ವೀಸಾದ ಕಾಗದ ಎಲ್ಲವನ್ನೂ ನನ್ನ ಹೆಂಡತಿ ಕಮಲಾ ನೋಡಿಕೊಂಡಿದ್ದಳು. ಟಾವೆಲ್ಲಿನ ಜವಾಬ್ದಾರಿ ಮಾತ್ರ ನನ್ನದು.

ರೋಣದ ಪೇಟೆಯಲ್ಲಿ ನನ್ನದೊಂದು ಅಂಗಡಿ. ಹಗ್ಗ, ಜರಡಿ, ಕುಡಗೋಲು, ಬಾರುಕೋಲು ಮಾರುತ್ತೇನೆ. ಇಪ್ಪತ್ತೇಳು ವರ್ಷಗಳಿಂದ ದಿನವೂ ನಾಲ್ಕಕ್ಕೆ ಸರಿಯಾಗಿ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿ, ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ಹೋಗುತ್ತೇನೆ. ಅದರ ಮುಂದಿನ ಕಲ್ಲಿನ ಕಟ್ಟೆಯ ಎಡತುದಿ ನನ್ನ ಜಾಗ, ಬೆನ್ನಿಗೆ ಒಂದು ಕಂಬ. ಬಲಕ್ಕೆ ಹತ್ತಿ ವ್ಯಾಪಾರಿ ಮಲ್ಲಪ್ಪ. ಅವನು ಚಿಕ್ಕನರಗುಂದದವನು, ರೋಣಕ್ಕೆ ಬಂದು ನೆಲೆಸಿದವನು. ನಮ್ಮಿಬ್ಬರ ನಡುವೆ ನಾಲ್ಕು ಮಾತು. "ಹ್ಯಾಂಗ?" ಎಂದು ಅವನು ಕೇಳುತ್ತಾನೆ. "ಚಲೋ" ಎನ್ನುತ್ತೇನೆ. "ಮಳಿ?" ಎಂದು ನಾನು ಕೇಳುತ್ತೇನೆ. "ನೋಡೂಣು" ಎನ್ನುತ್ತಾನೆ. ಬಿರುಬೇಸಿಗೆಯಲ್ಲೂ ಮಳೆಯನ್ನು ಕೇಳುತ್ತೇನೆ, ಅವನೂ ನೋಡೂಣು ಎನ್ನುತ್ತಾನೆ. ಆಮೇಲೆ ಚಹಾ ಬರುತ್ತದೆ, ಇಬ್ಬರೂ ಸುಮ್ಮನಾಗುತ್ತೇವೆ.

"ನಾ ಬರೂತನಕ ದಿನಾ ನಾಕಕ್ಕ ಈ ಟಾವೆಲ್ ನನ್ನ ಜಾಗಾದಾಗ ಹಾಸಬೇಕು. ನಾಕೂವರಿಗೆ ತಗೀಬೇಕು" ಎಂದೆ.

"ಯಾರರ ಬಂದು ಕುಂತಬಿಟ್ರ?"

"ಅದಕ್ಕs ಟಾವೆಲ್."

ಮಲ್ಲಪ್ಪ ಅದನ್ನು ಎರಡೂ ಕೈಯಿಂದ ಇಸಿದುಕೊಂಡ. ಮಡಚಿ ಕಂಕುಳಲ್ಲಿಟ್ಟುಕೊಂಡು, "ಮಳಿ ಬಂದ್ರ?" ಎಂದ. ಅದು ಅವನು ಕೇಳುವ ಪ್ರಶ್ನೆಯಲ್ಲ, ನನ್ನದು. ನಾನು ಇನ್ನೂ ರೋಣ ಬಿಟ್ಟಿರಲಿಲ್ಲ, ಆಗಲೇ ಎಲ್ಲ ಅಡ್ಡಾದಿಡ್ಡಿಯಾಗಿತ್ತು.

ನಾನು ಪರದೇಶ ಬೇಕೆಂದವನಲ್ಲ, ಹೋಗಲೇಬೇಕೆಂದವಳು ಕಮಲಾ. ಅವಳು ಗಜೇಂದ್ರಗಡದವಳು. ಅಲ್ಲಿಯ ಪೇಟೆಯಲ್ಲಿ ಅವಳ ಅಣ್ಣನ ಸೀರೆ ಅಂಗಡಿ ಇದೆ, ಹಿಂದಿನ ಕೋಣೆಯಲ್ಲಿ ಎರಡು ಮಗ್ಗ. ಅಣ್ಣನ ಕಣ್ಣು ಮಂಜಾಗಿ, ಹಸಿರು ಕೇಳಿದವರಿಗೆ ನೀಲಿ ತೆಗೆದು ತೋರಿಸತೊಡಗಿದ್ದ. ಅಂಗಡಿಯಲ್ಲಿ ನೀನು ಕೂರು ಎಂದು ತಂಗಿಗೆ ಹೇಳಿದ. ಅವಳು ಲಂಗ ಉಡುವ ವಯಸ್ಸಿನಲ್ಲೇ ಆ ಮಗ್ಗದ ಮುಂದೆ ಕೂತು ಬಣ್ಣ ಕಲಿತವಳು, ಆಸೆಪಟ್ಟಳು. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಬರುವುದು. ಹಾಗಾದರೆ ಮಧ್ಯಾಹ್ನ ಒಂದಕ್ಕೆ ನನ್ನ ಬಿಸಿ ರೊಟ್ಟಿಯ ಗತಿ ಏನು? ಮೂರು ತಿಂಗಳಿಂದ ನಾನು "ನೋಡೂಣು" ಎನ್ನುತ್ತ ಬಂದಿದ್ದೆ. ನಾನು ನೋಡೂಣು ಎಂದರೆ ಆಗುವುದಿಲ್ಲ ಎಂದರ್ಥ, ಅದು ನಮ್ಮ ಮನೆಯ ಬೆಕ್ಕಿಗೂ ತಿಳಿದಿದೆ. ಅಣ್ಣ ಕೊನೆಗೆ, ನೀವು ಪರದೇಶದಿಂದ ಬಂದ ಮರುದಿನ ಹೇಳಿಬಿಡಿ, ಇಲ್ಲವಾದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ.

ಹುಬ್ಬಳ್ಳಿಯ ಬಸ್ಸಿನಲ್ಲಿ ಕಮಲಾ ಒಂದು ಒಪ್ಪಂದ ಮುಂದಿಟ್ಟಳು. "ದಿನಕ್ಕ ಒಂದು ಹೊಸಾದು, ಎಂದೂ ಮಾಡಲಾರದ್ದು ಮಾಡ್ರಿ. ಅದರ ಬದಲಿ ದಿನಾ ನಿಮ್ಮ ನಾಕರ ಚಹಾಕ್ಕ ನಾ ಅಡ್ಡ ಬರೂದಿಲ್ಲ."

"ಮಾಡಲಿಲ್ಲ ಅಂದ್ರ?"

"ಮಾಡಲಿಲ್ಲ ಅಂದ್ರ ಅಂಗಡಿ ಆಗೂದಿಲ್ಲ ಅಂತ ಅಣ್ಣಗ ನಾನs ಹೇಳ್ತೀನಿ. ನಿಮ್ಮ ಒಂದರ ರೊಟ್ಟಿ ಒಂದಕ್ಕs ಬರ್ತೈತಿ. ನಾ ಇರೂತನಕ."

ಹೊಸದೇನೂ ಮಾಡದೆ ಕೂತರೆ ನನಗೆ ರೊಟ್ಟಿ ಸಿಗುತ್ತದೆ. ಇದಕ್ಕಿಂತ ಸುಲಭದ ಒಪ್ಪಂದವನ್ನು ನಾನು ಜೀವನದಲ್ಲಿ ಕಂಡಿರಲಿಲ್ಲ. ಆದರೆ ಆ ಕೊನೆಯ ಮಾತನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ತಾಷ್ಕೆಂಟ್

ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲವನ್ನು ತೆರೆಸಿದರು. ಒಳಗೆ ಬಿಳಿ ಪಂಚೆಯಲ್ಲಿ ಕಟ್ಟಿದ್ದ ನಲವತ್ತು ಖಡಕ್ ರೊಟ್ಟಿ. ಯಂತ್ರದ ಪರದೆಯ ಮೇಲೆ ಅವು ಏನಾಗಿ ಕಂಡವೋ ತಿಳಿಯದು, ಮೂವರು ಅಧಿಕಾರಿಗಳು ಬಂದರು. ಒಬ್ಬ ಒಂದು ರೊಟ್ಟಿಯನ್ನು ಬೆರಳಿನಿಂದ ಬಡಿದ, ಇನ್ನೊಬ್ಬ ದೀಪಕ್ಕೆ ಹಿಡಿದು ನೋಡಿದ. ನಾನು ಒಂದನ್ನು ಮುರಿದು, ಎಲ್ಲರೂ ಕೇಳುವಂತೆ ಕಟಕಟ ತಿಂದು ತೋರಿಸಿದೆ. ಹಿರಿಯ ಅಧಿಕಾರಿ ಒಂದು ಚೂರನ್ನು ತನ್ನ ಬಾಯಿಗೂ ಹಾಕಿಕೊಂಡ. ಅದನ್ನು ಅಗಿದು ಮುಗಿಸುವಷ್ಟರಲ್ಲಿ ನಮ್ಮ ಹಿಂದಿನ ಸಾಲಿನವರೆಲ್ಲ ಹೊರಗೆ ಹೋಗಿದ್ದರು. ಆಮೇಲೆ ಅವನು ಇನ್ನೊಂದು ಚೂರು ಕೇಳಿದ.

ಹೊರಗೆ ಬಂದು ಕಮಲಾ ತನ್ನ ಗಡಿಯಾರವನ್ನು ಅರ್ಧ ತಾಸು ಹಿಂದಕ್ಕೆ ತಿರುಗಿಸಿದಳು. ಅಲ್ಲಿಯ ವೇಳೆ ನಮ್ಮದಕ್ಕಿಂತ ಅಷ್ಟೇ ಹಿಂದೆ.

"ನೀವೂ ತಿರುವ್ರಿ."

"ಆಗೂದಿಲ್ಲ. ಇದು ರೋಣದ ಗಡಿಯಾರ."

"ಅರ್ಧ ತಾಸು ಅಷ್ಟs ಅಲ್ಲೇನ್ರಿ?"

"ಅರ್ಧ ತಾಸು ಅಂದ್ರ ಕಮ್ಮಿ ಆತೇನು? ನನ್ನ ಪೂರಾ ಚಹಾನs ಅರ್ಧ ತಾಸು."

ಆಗ ಅವಳು ಹೇಳಿದ್ದನ್ನು ಕೇಳಿ ನಾನು ಚೀಲವನ್ನು ಕೆಳಗಿಟ್ಟೆ. "ನಿಮಗಂತs ಹುಡುಕೀನ್ರಿ ಈ ದೇಶ. ಶ್ರೀಲಂಕಾ ಇತ್ತು, ಅಲ್ಲಿ ಒಂದು ನಿಮಿಷನೂ ಫರಕಿಲ್ಲ, ಹೋಗಿದ್ದs ನಿಮಗ ಗೊತ್ತಾಗ್ತಿದ್ದಿಲ್ಲ. ನೇಪಾಳ ಕಾಲು ತಾಸು, ಅದು ನಿಮಗ ನಾಟೂದಿಲ್ಲ. ಜಪಾನು ಮೂರೂವರಿ ತಾಸು, ಜೀವಾ ಹೋಗ್ತೈತಿ. ಅರ್ಧ ತಾಸು ತಡೀತೀರಿ ಅನಿಸ್ತು."

ದವಾಖಾನೆಯಲ್ಲಿ ಔಷಧಿ ಅಳೆದು ಕೊಡುವ ಹಾಗೆ ನನ್ನ ಹೆಂಡತಿ ನನಗೆ ದೇಶವನ್ನು ಅಳೆದಿದ್ದಳು. ನನಗೆ ಒಳಗೊಳಗೇ ನಾಚಿಕೆಯಾಯಿತು. ಆದರೂ ಗಡಿಯಾರವನ್ನು ತಿರುಗಿಸಲಿಲ್ಲ. ಅಂದಿನಿಂದ ನಾವಿಬ್ಬರೂ ಒಂದೇ ಕೋಣೆಯಲ್ಲಿ ಅರ್ಧ ತಾಸಿನ ಅಂತರದಲ್ಲಿ ಸಂಸಾರ ಮಾಡಿದೆವು. ನಾನು ಏಳಕ್ಕೆ ಎದ್ದರೆ ಅವಳಿಗೆ ಆರೂವರೆ. ನಾನು ತಡವಾಯಿತು ಎಂದು ಬಾಗಿಲಲ್ಲಿ ನಿಂತರೆ ಅವಳು ಇನ್ನೂ ಹೊತ್ತಿದೆ ಎಂದು ಜಡೆ ಹಾಕಿಕೊಳ್ಳುತ್ತಿದ್ದಳು. ಯೋಚಿಸಿದರೆ ರೋಣದಲ್ಲೂ ನಡೆದದ್ದು ಇದೇ, ಅಲ್ಲಿ ಗಡಿಯಾರದ ನೆಪ ಇರಲಿಲ್ಲ.

ಆ ದಿನದ ಹೊಸದು ಎಂದು ನಾನು ವಿಮಾನ ಹತ್ತಿದ್ದನ್ನು ಹೇಳಿದೆ.

"ಹಾರಿದ್ದು ವಿಮಾನ. ನೀವು ಕುಂತಿದ್ರಿ" ಎಂದಳು. "ಕೂಡೂದು ನಿಮಗ ಹೊಸಾದಲ್ಲ."

ಸಮರಕಂದ, ಮೊದಲ ದಿನ

ನೀಲಿ ಗುಮ್ಮಟಗಳ ಬಗ್ಗೆ ಬೇರೆಯವರು ಬರೆಯಲಿ. ನಾನೂ ನೋಡಿದೆ, ಚೆನ್ನಾಗಿವೆ. ನೋಡುವಾಗ ನನ್ನ ಗಡಿಯಾರದಲ್ಲಿ ಮೂರು ಇಪ್ಪತ್ತಾಗಿತ್ತು, ಆದ್ದರಿಂದ ಪೂರ್ತಿ ನೋಡಲಾಗಲಿಲ್ಲ.

ನಾವು ಇಳಿದುಕೊಂಡ ಮನೆಯ ಹಿಂದೆ ಒಂದು ಸಣ್ಣ ಕಾಲುವೆ, ಅದರ ದಂಡೆಯಲ್ಲಿ ಹಿಪ್ಪುನೇರಳೆ ಮರದ ಕೆಳಗೆ ಒಂದು ಚಹಾದಂಗಡಿ. ಅವರೂ ಚಹಾಕ್ಕೆ ಹೆಚ್ಚುಕಡಿಮೆ ನಮ್ಮಂತೆಯೇ ಅನ್ನುತ್ತಾರೆ, ಪೇಟೆಗೆ ಬಾಜಾರು ಎನ್ನುತ್ತಾರೆ. ಅಷ್ಟು ಧೈರ್ಯ ಸಾಕಾಯಿತು. ಅಲ್ಲಿ ಕುರ್ಚಿಗಳಿಲ್ಲ. ಮಂಚದಂಥ ದೊಡ್ಡ ಕಟ್ಟಿಗೆಯ ಕಟ್ಟೆ, ಮೇಲೆ ಹಾಸಿಗೆ, ನಡುವೆ ಗಿಡ್ಡ ಮೇಜು. ಚಪ್ಪಲಿ ಬಿಟ್ಟು ಹತ್ತಿ ಕಾಲು ಮಡಚಿ ಕೂರಬೇಕು. ಎಡತುದಿಯಲ್ಲಿ ಒಂದು ಕಂಬವೂ ಇತ್ತು. ಅದನ್ನು ಕಂಡು ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಾರದು.

ನಾನು ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತೆ. ರೋಣದಲ್ಲಿ ನಾಲ್ಕು, ಅಲ್ಲಿ ಮೂರೂವರೆ. ಕಣ್ಣು ತೆರೆದಾಗ ಎದುರಿಗೆ ಒಬ್ಬ ಮುದುಕ ನಿಂತಿದ್ದ. ಬಿಳಿ ಗಡ್ಡ, ತಲೆಯ ಮೇಲೆ ಕಸೂತಿಯ ಕರಿ ಟೋಪಿ. ಅವನು ನನ್ನನ್ನು ನೋಡಿದ, ಕಂಬವನ್ನು ನೋಡಿದ, ತನ್ನ ಗಡಿಯಾರವನ್ನು ನೋಡಿದ. ಅಂಗಡಿಯೊಡತಿ ನಿಗೋರಾ ಒಳಗಿನಿಂದ ಓಡಿ ಬಂದಳು. ಐವತ್ತರ ಹೆಂಗಸು, ಶಾಲೆಯಲ್ಲಿ ಹಿಂದಿ ಕಲಿತಿದ್ದಳಂತೆ. ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಳು. ಅವರು ಸೋಬಿರ್ ಅಜ್ಜ, ಮೂವತ್ತು ವರ್ಷದಿಂದ ದಿನವೂ ಮೂರೂವರೆಗೆ ಬಂದು ನೀವು ಕೂತಲ್ಲೇ ಕೂರುತ್ತಾರೆ ಎಂದಳು.

ಬೇರೆ ಯಾರಾದರೂ ಆಗಿದ್ದರೆ ಏಳುತ್ತಿದ್ದರು. ಆದರೆ ನಾನು ಮೂವತ್ತು ವರ್ಷಗಳ ಬೆಲೆಯನ್ನು ಬಲ್ಲವನು, ಇಪ್ಪತ್ತೇಳು ವರ್ಷಗಳ ಬೆಲೆಯನ್ನು ಇನ್ನೂ ಚೆನ್ನಾಗಿ ಬಲ್ಲವನು. ಏಳಲಿಲ್ಲ.

ಅಜ್ಜ ಬಲಕ್ಕೆ, ಮಲ್ಲಪ್ಪನ ಜಾಗದಲ್ಲಿ ಕೂತ. ಬಾಯಿ ತಪ್ಪಿ ಅಚ್ಚ ಕನ್ನಡದಲ್ಲಿ "ಮಳಿ?" ಎಂದು ಕೇಳಿಬಿಟ್ಟೆ. ಅವನು ಆಕಾಶ ನೋಡಿ ತನ್ನ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿದ. ಅದು ನೋಡೂಣು ಅಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ. ನನಗೆ ಮನೆಗೆ ಬಂದಷ್ಟು ಹಿತವಾಯಿತು.

ಆ ಹಿತ ಚಹಾ ಬರುವವರೆಗೆ ಮಾತ್ರ. ನೀಲಿ ಕೆಟಲಿನ ಮೇಲೆ ಬಿಳಿ ಹತ್ತಿಯ ಕಾಯಿ ಬಿಡಿಸಿದ್ದ ಚಿತ್ರ, ಅಂಥದೇ ಹಿಡಿಯಿಲ್ಲದ ಸಣ್ಣ ಬಟ್ಟಲು. ಹಾಲಿಲ್ಲ, ಸಕ್ಕರೆಯಿಲ್ಲ, ಹಸಿರು ನೀರು. ಅಜ್ಜ ಚಹಾವನ್ನು ಬಟ್ಟಲಿಗೆ ಹಾಕಿ ಮರಳಿ ಕೆಟಲಿಗೆ ಸುರಿದ. ಮೂರು ಸಲ ಹಾಗೆ ಮಾಡಿ, ಕೊನೆಗೆ ನನಗೆ ಬಟ್ಟಲಿನ ತಳ ಮುಚ್ಚುವಷ್ಟು ಹಾಕಿ ಕೊಟ್ಟ. ಮೂರು ಗುಟುಕು. ನಮ್ಮ ಕಡೆ ಬಸಿಗೆ ಚೆಲ್ಲುವಷ್ಟು ಹಾಕದಿದ್ದರೆ ಚಹಾ ಕೊಟ್ಟ ಹಾಗಲ್ಲ. ಅಸೂಟಿಯಿಂದ ನಡೆದು ಬಂದ ಗುರುತಿಲ್ಲದ ಗಿರಾಕಿಗೂ ನಾನು ತುಂಬಿದ ಬಟ್ಟಲು ಕೊಟ್ಟವನು. ಈ ಮುದುಕ ಜಾಗದ ಸಿಟ್ಟನ್ನು ಚಹಾದ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಮೂರು ಗುಟುಕು ಮುಗಿದ ಕೂಡಲೇ ಅವನು ಮತ್ತೆ ಮೂರು ಗುಟುಕು ಹಾಕಿದ. ಹೀಗೆ ಎಂಟು ಸಲ. ಒಂದೇ ಸಿಟ್ಟನ್ನು ಎಂಟು ಸಲ ತೋರಿಸುವ ಮನುಷ್ಯನನ್ನು ನಾನು ಮೊದಲ ಬಾರಿಗೆ ನೋಡಿದೆ.

ಸಮರಕಂದ, ಎರಡು ಮತ್ತು ಮೂರನೆಯ ದಿನ

ಎರಡನೆಯ ದಿನ ಜಾಗ ಭದ್ರ ಮಾಡಿಕೊಳ್ಳಲು ಕಾಲು ತಾಸು ಮೊದಲೇ ಹೋದೆ. ಅಜ್ಜ ಕಂಬಕ್ಕೆ ಒರಗಿ ಕೂತಿದ್ದ. ನನ್ನನ್ನು ಕಂಡು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ, ಜಾಗ ಮಾತ್ರ ಬಿಡಲಿಲ್ಲ. ಮೂರನೆಯ ದಿನ ನಾನು ಒಂದು ತಾಸು ಮೊದಲೇ ಹೊರಟೆ. ಕಾಲುವೆಯ ಆ ದಂಡೆಯಿಂದ ಅವನೂ ಬರುವುದು ಕಾಣಿಸಿತು. ಎಪ್ಪತ್ತೈದರ ಮುದುಕ ಮತ್ತು ಐವತ್ತೆಂಟರ ನಾನು, ಇಬ್ಬರೂ ಓಡುತ್ತಿಲ್ಲ ಎಂಬಂತೆ ಓಡಿದೆವು. ನಾನು ಗೆದ್ದೆ. ಚಪ್ಪಲಿಯೊಂದು ಕಾಲುವೆಗೆ ಬಿತ್ತು, ಅದನ್ನು ಅಜ್ಜನೇ ಕೋಲಿನಿಂದ ಎಳೆದು ಕೊಟ್ಟ.

"ನಾಕರ ಚಹಾಕ್ಕ ಮೂರಕ್ಕs ಹೋಗಿದ್ರಿ. ಇದನ್ನ ಹೊಸಾದು ಅಂತ ಹಿಡೀಲೇನು?" ಎಂದಳು ಕಮಲಾ.

"ಹಿಡೀಬ್ಯಾಡ" ಎಂದೆ. "ಇದು ಹಳೇದನ್ನ ಉಳಿಸಿಕೊಳ್ಳಾಕ ಮಾಡಿದ್ದು."

ಎರಡನೆಯ ದಿನದ ಹೊಸದೆಂದು ನಾನು ಎಡಗೈಯಿಂದ ಹಲ್ಲುಜ್ಜಿದ್ದೆ. ಅದನ್ನು ಅವಳು ಅಡ್ನಾಡಿತನ ಎಂದು ತಳ್ಳಿಹಾಕಿದಳು. ಮೂರನೆಯ ದಿನ ಮನೆಯ ಬಾಗಿಲಿನಿಂದ ಬೀದಿಯ ತನಕ ಹಿಮ್ಮುಖವಾಗಿ ನಡೆದೆ. ಮನೆಯ ಯಜಮಾನ ನನ್ನ ಎರಡೂ ತೋಳು ಹಿಡಿದು ಒಳಗೆ ಕರೆತಂದು ಮಲಗಿಸಿ, ಹಣೆ ಮುಟ್ಟಿ ನೋಡಿದ. ಅದೂ ಲೆಕ್ಕಕ್ಕೆ ಬರಲಿಲ್ಲ.

ಕಮಲಾ ದಿನವೂ ಬೆಳಿಗ್ಗೆ ರೇಷ್ಮೆ ನೇಯುವವರ ಓಣಿಗೆ ಹೋಗುತ್ತಿದ್ದಳು. ನೂಲನ್ನು ನೇಯುವ ಮೊದಲೇ ಗಂಟು ಹಾಕಿ ಬಣ್ಣದಲ್ಲಿ ಅದ್ದುವುದನ್ನು ನೋಡಿ ಬಂದು, ನನಗೆ ಹೇಳುತ್ತಿದ್ದಳು. ಮೂರನೆಯ ದಿನ ಬಂದಾಗ ಅವಳ ಬೆರಳುಗಳು ಉಗುರಿನವರೆಗೂ ನೀಲಿಯಾಗಿದ್ದವು. ಎಷ್ಟೋ ವರ್ಷಗಳ ಹಿಂದೆ, ನಾನು ಹೆಣ್ಣು ನೋಡಲು ಗಜೇಂದ್ರಗಡಕ್ಕೆ ಹೋದಾಗ ಚಹಾ ತಂದ ಕೈಯೂ ಹೀಗೇ ಇತ್ತು, ಆಗ ಕೆಂಪು. ಅದು ನೆನಪಾಯಿತು. ನಾನು ಆ ಓಣಿಗೆ ಒಂದು ದಿನವೂ ಹೋಗಿರಲಿಲ್ಲ.

ಸಮರಕಂದ, ನಾಲ್ಕನೆಯ ದಿನ

ಅಂದು ಕಂಬ ನನ್ನದು. ಅಜ್ಜ ಸೋತು ಬಲಕ್ಕೆ ಕೂತಿದ್ದ. ಅವನು ಕೆಟಲಿಗೆ ಕೈ ಚಾಚುವ ಮೊದಲೇ ನಾನು ಎತ್ತಿಕೊಂಡೆ. ಚಹಾ ಕೊಡುವುದೆಂದರೆ ಏನೆಂದು ಈ ಸಮರಕಂದಕ್ಕೆ ರೋಣ ಒಮ್ಮೆ ತೋರಿಸಬೇಕೆಂದು ನಿರ್ಧರಿಸಿದ್ದೆ. ಅಜ್ಜನ ಬಟ್ಟಲಿಗೆ ಧಾರೆಯಾಗಿ ಸುರಿದೆ. ಅಂಚಿನವರೆಗೆ ತುಂಬಿತು, ಅಂಚು ದಾಟಿತು, ಮೇಜಿನ ಮೇಲೆ ಹರಿಯಿತು. "ಕುಡೀರಿ, ಹೊಟ್ಟಿ ತುಂಬ ಕುಡೀರಿ" ಎಂದೆ.

ಅಜ್ಜ ಬಟ್ಟಲನ್ನು ನೋಡಿದ. ಆಮೇಲೆ ನನ್ನ ಮುಖವನ್ನು ನೋಡಿದ. ಬಗ್ಗಿ, ಬಟ್ಟಲೆತ್ತದೆ ಒಂದು ಗುಟುಕು ಹೀರಿದ. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ಚಪ್ಪಲಿ ಮೆಟ್ಟಿ ಹೊರಟುಹೋದ. ಪಕ್ಕದ ಕಟ್ಟೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವನ ಮನಸ್ಸು ತುಂಬಿ ಬಂತು, ಅದಕ್ಕೇ ಮಾತಾಡದೆ ಹೋದ ಎಂದು ನಾನು ತಿಳಿದೆ. ಆ ಸಂಜೆಯಿಡೀ ಬಹಳ ಖುಷಿಯಾಗಿದ್ದೆ.

ಸಮರಕಂದ, ಐದನೆಯ ದಿನ

ಅಜ್ಜ ಬರಲಿಲ್ಲ. ಮೂರೂವರೆ ಆಯಿತು, ನಾಲ್ಕಾಯಿತು, ರೋಣದಲ್ಲಿ ನಾಲ್ಕೂವರೆಯಾಗಿ ಮಲ್ಲಪ್ಪ ಟಾವೆಲ್ ತೆಗೆದಿರಬೇಕು. ಕಂಬ, ಎಡತುದಿ, ಕೆಟಲು ಎಲ್ಲವೂ ನನ್ನವೇ. ಬಲಕ್ಕೆ ಯಾರೂ ಇಲ್ಲ. ನಾನು ಒಬ್ಬನೇ "ಮಳಿ?" ಎಂದು ಕೇಳಿ ನೋಡಿದೆ. ರುಚಿಸಲಿಲ್ಲ.

ನಿಗೋರಾ ಬಂದು ಮೇಜು ಒರೆಸಿದಳು. ಅದು ಆಗಲೇ ಸ್ವಚ್ಛವಾಗಿತ್ತು, ಆದರೂ ಒರೆಸಿದಳು. ಆಮೇಲೆ ಹಿಂದಿಯಲ್ಲಿ ಕೇಳಿದಳು, ನೀವು ಸೋಬಿರ್ ಅಜ್ಜನನ್ನು ಏಕೆ ಎಬ್ಬಿಸಿ ಕಳಿಸಿದಿರಿ ಎಂದು.

"ನಾನೆಲ್ಲಿ ಕಳಿಸಿದೆ?" ಎಂದೆ. "ಬಟ್ಟಲು ತುಂಬ ಚಹಾ ಕೊಟ್ಟೆ."

ಅದೇ ಎಂದಳು ಅವಳು. ಅವರಲ್ಲಿ ಬೇಕಾದವರಿಗೆ ಸ್ವಲ್ಪವೇ ಹಾಕುತ್ತಾರೆ. ಬೇಗ ಮುಗಿಯಲಿ, ಮತ್ತೆ ಹಾಕುವ ಭಾಗ್ಯ ಸಿಗಲಿ, ಕೂತಿರಲಿ ಎಂದು. ತುಂಬ ಹಾಕಿದರೆ ಕುಡಿದು ಹೊರಡು ಎಂದರ್ಥ. ಅಜ್ಜ ನಿಮಗೆ ಎಂಟು ಸಲ ಹಾಕಿದ್ದನ್ನು ನಾನು ನೋಡಿದೆ, ಅವರು ತಮ್ಮ ಸ್ವಂತ ತಮ್ಮನಿಗೂ ಅಷ್ಟು ಸಲ ಹಾಕಿದವರಲ್ಲ ಎಂದಳು.

ನನಗೆ ನೆಲ ಸೀಳಿ ಒಳಗೆ ಹೋಗಬೇಕೆನ್ನಿಸಿತು. ಅವನದೇ ಜಾಗದಲ್ಲಿ ಕೂತು, ಅವನದೇ ಕೆಟಲಿನಿಂದ, ಪಕ್ಕದವರೆಲ್ಲ ನೋಡುವಂತೆ, ಮೇಜಿನ ಮೇಲೆ ಹರಿಯುವಷ್ಟು ಹಾಕಿ ನಾನವನನ್ನು ಅಟ್ಟಿದ್ದೆ.

"ಈಗ ಎಲ್ಲಿದ್ದಾರೆ?" ಎಂದು ಕೇಳಿದೆ.

ಮನೆಯಲ್ಲಿ. ಅವರ ಹೆಂಡತಿ ಬಾಜಾರಿಗೆ ಹೋಗುವಾಗ ಹೇಳಿ ಹೋದಳಂತೆ. ಈ ಹೊತ್ತಿನಲ್ಲಿ ಮನೆಯೊಳಗೆ ಎಲ್ಲಿ ಕೂರಬೇಕೆಂದು ಅಜ್ಜನಿಗೆ ತಿಳಿಯುವುದಿಲ್ಲ. ನಿನ್ನೆ ಸಂಜೆಯೆಲ್ಲ ನಿಂತೇ ಇದ್ದರಂತೆ.

ಇದನ್ನು ಕೇಳಿ ಬೇರೆಯವರು ನಗಬಹುದು. ನನಗೆ ನಗು ಬರಲಿಲ್ಲ. ನಾಲ್ಕು ಗಂಟೆಗೆ ನನ್ನ ಮನೆಯಲ್ಲಿ ಎಲ್ಲಿ ಕೂರಬೇಕೆಂದು ನನಗೂ ತಿಳಿಯದು.

ಸಮರಕಂದ, ಆರನೆಯ ದಿನ

ಮರುದಿನ ನಾವು ಊರಿಗೆ ಹೊರಡಬೇಕಿತ್ತು. ಅಜ್ಜನ ಮನೆಗೆ ಹೋಗಬೇಕಾದದ್ದು ಅಂದೇ, ಅದೂ ಅವನು ನಿಂತಿರುವ ಹೊತ್ತಿಗೇ. ಹಾಗೆಂದರೆ ನನ್ನ ನಾಲ್ಕರ ಚಹಾ ತಪ್ಪಬೇಕು. ಇಪ್ಪತ್ತೇಳು ವರ್ಷಗಳಲ್ಲಿ ನಾನು ಅದನ್ನು ತಪ್ಪಿಸಿದ್ದು ಎರಡೇ ಸಲ, ಅಪ್ಪ ತೀರಿಕೊಂಡ ದಿನ ಮತ್ತು ಅವ್ವ ತೀರಿಕೊಂಡ ದಿನ. ಕನ್ನಡಿಯ ಮುಂದೆ ನಿಂತು ಗಡಿಯಾರ ಬಿಚ್ಚಿ, ಅರ್ಧ ತಾಸು ಹಿಂದಕ್ಕೆ ತಿರುಗಿಸಿದೆ. ಅಜ್ಜನ ಮನೆಗೆ ರೋಣದ ವೇಳೆ ಕಟ್ಟಿಕೊಂಡು ಹೋಗುವುದು ಸರಿಯಲ್ಲ ಎನ್ನಿಸಿತು. ಕಮಲಾ ಬೆಳಿಗ್ಗೆಯೇ ನೇಕಾರರ ಓಣಿಗೆ ಹೋಗಿದ್ದಳು. ಉಳಿದ ಖಡಕ್ ರೊಟ್ಟಿಗಳನ್ನು ಪಂಚೆಯಲ್ಲಿ ಕಟ್ಟಿಕೊಂಡು, ನಿಗೋರಾ ಹೇಳಿದ ಗುರುತು ಹಿಡಿದು ಹೊರಟೆ.

ಬಾಗಿಲು ತೆರೆದ ಅಜ್ಜನ ಕೈಯಲ್ಲಿ ಸೌಟಿತ್ತು. ನಾನು ಕೈ ಮುಗಿದು ಅಚ್ಚ ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. "ತಪ್ಪಾತ್ರಿ ಅಜ್ಜಾ. ನಮ್ಮ ಕಡೆ ತುಂಬ ಹಾಕೂದs ಮರ್ಯಾದಿ. ನಿಮ್ಮ ಜಾಗಾನೂ ನಿಮಗs. ನಾ ಕಸಗೊಂಡು ಕುಂತಿದ್ದೆ" ಎಂದೆ. ಅವನಿಗೆ ಏನು ತಿಳಿಯಿತೋ, ಪಂಚೆ ಬಿಚ್ಚಿ ಒಂದು ರೊಟ್ಟಿಯನ್ನು ಬೆರಳಿನಿಂದ ಬಡಿದ. ಆ ದೇಶದಲ್ಲಿ ಎಲ್ಲರೂ ಅದನ್ನು ಬಡಿಯುತ್ತಾರೆ. ಆಮೇಲೆ ಎರಡೂ ಕೈಯಿಂದ ಹಣೆಗೆ ಮುಟ್ಟಿಸಿ ಒಳಗೆ ಕರೆದ.

ಒಲೆಯ ಮೇಲೆ ದೊಡ್ಡ ಬಾಣಲೆ. ಗೋಡೆಯ ಮೇಲೆ ಒಂದು ಫೋಟೋ: ಬಾಜಾರಿನಲ್ಲಿ ಕಸೂತಿ ಬಟ್ಟೆಗಳ ನಡುವೆ ಕೂತ ಹೆಂಗಸು. ಅಜ್ಜ ಅವಳನ್ನು ತೋರಿಸಿದ, "ಬಾಜಾರು" ಎಂದ, ಮೂರು ಬಾರಿ ಹತ್ತು ಬೆರಳು ಎತ್ತಿದ. ಮೂವತ್ತು ವರ್ಷ. ಆಮೇಲೆ ತನ್ನನ್ನು ತೋರಿಸಿಕೊಂಡ, ಬಾಣಲೆಯನ್ನು ತೋರಿಸಿದ, ಗೋಡೆ ಗಡಿಯಾರದಲ್ಲಿ ಒಂದು ಗಂಟೆಯ ಮೇಲೆ ಬೆರಳಿಟ್ಟ. ಮುಳ್ಳನ್ನು ಗಾಳಿಯಲ್ಲಿ ತಿರುಗಿಸಿ ಮೂರೂವರೆಗೆ ತಂದು, ಕಾಲುವೆಯ ಕಡೆ ಕೈ ಮಾಡಿದ. ಅವಳು ಬಾಜಾರಿಗೆ ಹೋಗತೊಡಗಿದ ದಿನದಿಂದ ಅವನು ಒಂದಕ್ಕೆ ತಾನೇ ಮಾಡಿ ಉಣ್ಣುತ್ತಾನೆ, ಮೂರೂವರೆಗೆ ಚಹಾಕ್ಕೆ ಹೋಗುತ್ತಾನೆ. ಚಹಾದಂಗಡಿಯ ಆ ಮೂವತ್ತು ವರ್ಷ ಮತ್ತು ಬಾಜಾರಿನ ಈ ಮೂವತ್ತು ವರ್ಷ ಒಂದೇ. ಹೆಂಡತಿ ಹೊಸದೊಂದಕ್ಕೆ ಹೊರಟಾಗ ಅವನಿಗೆ ಹಳೆಯದೊಂದು ಹುಟ್ಟಿತ್ತು. ನಿನ್ನೆಯಿಂದ ಅಡುಗೆಯ ಹೊತ್ತೂ ತಪ್ಪಿ, ಅಂದು ಮೂರೂವರೆಗೆ ಒಲೆ ಹಚ್ಚಿದ್ದ.

ಅಜ್ಜ ತಲೆಯ ಮೇಲೆ ಎರಡು ಬೆರಳಿಟ್ಟು ಕುರಿಯ ಕೊಂಬು ಮಾಡಿ, ತಿನ್ನುತ್ತೀಯಾ ಎಂದು ಕಣ್ಣಲ್ಲೇ ಕೇಳಿದ. ನಾನು ಗಲ್ಲ ಬಡಿದುಕೊಂಡು ಕೈ ಮುಗಿದೆ. ಅವನು ನಕ್ಕು, ಒಂದು ಬುಟ್ಟಿ ಹಳದಿ ಗಜ್ಜರಿಯನ್ನೂ ಒಂದು ಚಾಕುವನ್ನೂ ನನ್ನ ಮುಂದೆ ತಳ್ಳಿದ. ಐವತ್ತೆಂಟು ವರ್ಷಗಳಲ್ಲಿ ನಾನು ಕುಡಗೋಲು ಮಾರಿದ್ದೇನೆ, ಒಂದು ಗಜ್ಜರಿಯನ್ನೂ ಹೆಚ್ಚಿರಲಿಲ್ಲ. ಅವು ಕಡ್ಡಿಯಂತೆ ತೆಳ್ಳಗಾಗಬೇಕು. ನನ್ನವು ಒಲೆಗಿಡುವ ಕಟ್ಟಿಗೆಯಷ್ಟು ದಪ್ಪವಾದವು, ಹೆಬ್ಬೆರಳೂ ಕೊಯ್ಯಿತು. ಅಜ್ಜ ಬಟ್ಟೆ ಸುತ್ತಿ ಮತ್ತೆ ಚಾಕು ಕೊಟ್ಟ. ಬಿಡಲಿಲ್ಲ.

ಅಕ್ಕಿ, ಕಡಲೆ, ಗಜ್ಜರಿ ಬೇಯುವಾಗ ನಾನು ಚಹಾ ಹಾಕಿದೆ. ಮೂರು ಗುಟುಕು. ಅಜ್ಜ ಕುಡಿದು ಬಟ್ಟಲು ಚಾಚಿದ. ಮತ್ತೆ ಮೂರು ಗುಟುಕು. ಎಷ್ಟು ಸಲ ಹಾಕಿದೆನೋ ಎಣಿಸಲಿಲ್ಲ. ಆಗಲೇ ನನಗೆ ಹೊಳೆದದ್ದು, ಅವನು ಕೂತಿದ್ದ. ಒಲೆಯ ಪಕ್ಕದ ಮಣೆಯ ಮೇಲೆ, ಮೂರೂವರೆ ಕಳೆದ ಮೇಲೂ, ತನ್ನ ಮನೆಯಲ್ಲಿ ಆರಾಮವಾಗಿ ಕೂತಿದ್ದ.

ಮರಳಿ ಬರುವಾಗ ದೂರದಿಂದಲೇ ಚಹಾದಂಗಡಿಯ ಗದ್ದಲ ಕೇಳಿಸಿತು. ಎಡತುದಿಯಲ್ಲಿ ಕಂಬಕ್ಕೆ ಒರಗಿ ಕಮಲಾ ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ನಿಗೋರಾ ಮೂರು ಗುಟುಕಿನಂತೆ ಅವಳಿಗೆ ಚಹಾ ಹಾಕುತ್ತಲೇ ಇದ್ದಳು.

"ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದಳು.

ಅವಳ ಕೈಗಡಿಯಾರದ ಮೇಲೆ ನನ್ನ ಕಣ್ಣು ಬಿತ್ತು. ಅದು ರೋಣದ ವೇಳೆ ತೋರಿಸುತ್ತಿತ್ತು. ಕೊನೆಯ ದಿನ ನನ್ನ ನಾಲ್ಕು ಗಂಟೆಯ ಚಹಾವನ್ನು ನನ್ನ ಜೊತೆ ಕೂತು ಕುಡಿಯೋಣವೆಂದು, ಬೆಳಿಗ್ಗೆಯೇ ಅರ್ಧ ತಾಸು ಮುಂದಕ್ಕೆ ತಿರುಗಿಸಿಕೊಂಡು, ಬಣ್ಣ ಅದ್ದುವುದನ್ನು ನಡುವೆಯೇ ಬಿಟ್ಟು ಬಂದಿದ್ದಳು. ನಾನಿರಲಿಲ್ಲ. ನಾಲ್ಕಕ್ಕೆ ನಾನು ಕಟ್ಟೆಯ ಮೇಲಿಲ್ಲವೆಂದರೆ ಸತ್ತಿರಬೇಕು ಎಂದು ಅವಳಿಗೆ ಖಾತ್ರಿಯಾಯಿತು. ಗಾಬರಿಯಲ್ಲಿ ಯಾರಿಗೆ ಕೇಳಬೇಕೆಂದು ತಿಳಿಯದೆ, ರೋಣಕ್ಕೆ ಮಲ್ಲಪ್ಪನಿಗೆ ಫೋನು ಮಾಡಿ, ಅವರು ಅಲ್ಲೇನಾದರೂ ಬಂದಿದ್ದಾರೆಯೇ ಎಂದು ಕೇಳಿದ್ದಳು.

"ಏನಂದ ಅಂವ?"

"ಇಲ್ಲಿ ಬಂದಿಲ್ರಿ ವೈನಿ, ಟಾವೆಲ್ ಒಂದs ಕುಂತೈತಿ ಅಂದ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಆಮ್ಯಾಲ, ಟಾವೆಲ್ ಇನ್ನ ತಗೀಲೇನ್ರಿ ಅಂತ ಕೇಳಿದ. ಆಗ ಅತ್ತುಬಿಟ್ಟೆ ನೋಡ್ರಿ."

ನಾನು ಅವಳ ಬಲಕ್ಕೆ ಕೂತೆ. ಅವಳು ನನ್ನ ಗಡಿಯಾರ ನೋಡಿದಳು, ಬಟ್ಟೆ ಸುತ್ತಿದ ಹೆಬ್ಬೆರಳು ನೋಡಿದಳು, ಕೈಯನ್ನು ಎತ್ತಿ ಮೂಸಿದಳು. "ಗಜ್ಜರಿ ಹೆಚ್ಚಿದ್ರಿ?"

"ಹೂಂ."

"ನೀವು?"

"ಹೂಂ ಅಂದ್ನಲ್ಲ."

ಅವಳು ನನ್ನ ಕೈಯನ್ನು ಬಿಡದೆ, "ಇದನ್ನ ಹಿಡೀತೀನಿ" ಎಂದಳು. ಅಷ್ಟೂ ದಿನಗಳಲ್ಲಿ ಲೆಕ್ಕಕ್ಕೆ ಬಂದದ್ದು ಅದೊಂದೇ. ಒಪ್ಪಂದದ ಪ್ರಕಾರ ನಾನು ಸೋತಿದ್ದೆ, ಅಂದರೆ ನನಗೆ ರೊಟ್ಟಿ ಸಿಕ್ಕಿತ್ತು. ಅಂಗಡಿಯ ಮಾತನ್ನು ಅವಳು ಎತ್ತಲಿಲ್ಲ. ನಾನು ಎತ್ತಬೇಕೆಂದಿದ್ದೆ, ಎತ್ತದೆ ನಿಗೋರಾಳ ಕಡೆ ಒಂದು ಬಟ್ಟಲು ಚಾಚಿದೆ. ಹೊರಡುವಾಗ ನಿಗೋರಾ ಹತ್ತಿಕಾಯಿಯ ಚಿತ್ರದ ಕೆಟಲನ್ನೂ ಎರಡು ಬಟ್ಟಲುಗಳನ್ನೂ ಕಮಲಾಳ ಕೈಗೆ ಕೊಟ್ಟಳು.

ಮತ್ತೆ ರೋಣ

ಬಂದ ಮರುದಿನ ಬೆಳಿಗ್ಗೆ ನಾನು ಅವಳಿಗಿಂತ ಮೊದಲು ಎದ್ದು ಚಹಾ ಮಾಡಿದೆ. ಹಾಲು, ಸಕ್ಕರೆ ಹಾಕಿದ ನಮ್ಮ ಚಹಾ, ಆದರೆ ಆ ಕೆಟಲಿನಲ್ಲಿ. ಕಮಲಾ ಸ್ನಾನ ಮಾಡಿ, ಸೀರೆಯುಟ್ಟು ಬಂದಳು. ಅಣ್ಣನಿಗೆ ಉತ್ತರ ಹೇಳುವ ದಿನ ಅದು. ಆಗೂದಿಲ್ಲ ಅಂತ ಫೋನಿನಲ್ಲಿ ಹೇಳಲು ಮನಸ್ಸಾಗುವುದಿಲ್ಲ, ಒಂಬತ್ತರ ಬಸ್ಸಿಗೆ ಹೋಗಿ ಎದುರಿಗೇ ಹೇಳಿ ಹನ್ನೆರಡಕ್ಕೆ ಬಂದುಬಿಡುತ್ತೇನೆ, ನಿಮ್ಮ ರೊಟ್ಟಿಗೆ ಹೊತ್ತಾಗುವುದಿಲ್ಲ ಎಂದು ರಾತ್ರಿಯೇ ಹೇಳಿದ್ದಳು.

ನಾನು ಅವಳ ಬಟ್ಟಲಿಗೆ ಮೂರು ಗುಟುಕು ಹಾಕಿದೆ. ಅವಳು ಬಟ್ಟಲು ನೋಡಿದಳು.

"ಯಾಕ್ರಿ, ಇಷ್ಟs?"

"ಕೂಡ್ರು ಅಂತ."

ಅವಳು ಕೂತಳು. ಕುಡಿದಳು. ನಾನು ಮತ್ತೆ ಮೂರು ಗುಟುಕು ಹಾಕಿದೆ. ಮತ್ತೆ ಕುಡಿದಳು. ಮದುವೆಯಾದಾಗಿನಿಂದ ನಾವು ಬೆಳಗಿನ ಚಹಾವನ್ನು ಎದುರುಬದುರು ಕೂತು ಕುಡಿದದ್ದು ಅದೇ ಮೊದಲು. ಅವಳು ಯಾವಾಗಲೂ ಒಲೆಯ ಮುಂದೆ ನಿಂತು ಕುಡಿಯುತ್ತಿದ್ದಳು. ನಾನು ಅದನ್ನು ನೋಡಿರಲಿಲ್ಲ, ಬೆನ್ನು ಮಾತ್ರ ನೋಡಿದ್ದೆ. ಐದನೆಯ ಸಲ ಹಾಕುವಾಗ ಅವಳು ಬಾಗಿಲ ಕಡೆ ತಿರುಗಿದಳು.

"ಬಸ್ಸಿಗೆ ಹೊತ್ತಾತ್ರಿ."

"ಇನ್ನ ಅರ್ಧ ತಾಸು ಐತಿ" ಎಂದು ಕೈಗಡಿಯಾರ ತೋರಿಸಿದೆ. ಅದನ್ನು ನಾನು ಇನ್ನೂ ತಿರುಗಿಸಿರಲಿಲ್ಲ.

"ಅದು ಸಮರಕಂದದ್ದು. ಇಲ್ಲಿ ಒಂಬತ್ತಾಗಾಕ ಬಂತು" ಎಂದಳು. ಬಟ್ಟಲನ್ನು ಕೆಳಗಿಡಲಿಲ್ಲ, ಏಳಲೂ ಇಲ್ಲ.

ಆಗ ನಾನು ಕೆಟಲು ಎತ್ತಿ ಅವಳ ಬಟ್ಟಲಿಗೆ ಸುರಿಯತೊಡಗಿದೆ. ಮೂರು ಗುಟುಕಿಗೆ ನಿಲ್ಲಿಸಲಿಲ್ಲ. ಅರ್ಧವಾಯಿತು. ಅಂಚಿನವರೆಗೆ ಬಂತು, ಅಂಚು ದಾಟಿ ಅವಳ ಬೆರಳಿನ ಮೇಲೆ ಹರಿಯಿತು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಸಂಜಿ ಆರಕ್ಕ ಬಾ" ಎಂದೆ. "ಒಂದಕ್ಕ ನಾ ಏನರ ಮಾಡ್ಕೊತೀನಿ."

ಕಮಲಾ ಬಟ್ಟಲನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಒಂದು ಹನಿಯೂ ಉಳಿಸದೆ, ನಿಂತುಕೊಂಡೇ, ಪೂರ್ತಿ ಕುಡಿದು ಹೋದಳು.